ಮೂರು ರವಿವಾರದ ಪ್ರಕಟಣೆ

ಹೆಂಡತಿಗೆ ಗುರುದೀಕ್ಷೆಯಾದರೆ ಗಂಡ ಏನಾಗುತ್ತಾನೆ ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಪ್ರಭುದಾಸ ಹುಡುಕಿ ನೋಡಿದ್ದ. ಚರ್ಚಿನ ಸಭೆಯ ಹಳೆಯ ನಿಯಮಾವಳಿಯಲ್ಲಿ ಸಭಾಪಾಲಕರ, ಅಂದರೆ ಪಾಸ್ಟರರ, ಪತ್ನಿಯ ಬಗ್ಗೆ ಒಂದೂವರೆ ಪುಟವಿತ್ತು. ಆಕೆ ಸ್ತ್ರೀ ಸಂಘದ ಅಧ್ಯಕ್ಷೆ, ಸಂಡೆ ಸ್ಕೂಲಿನ ಮೇಲ್ವಿಚಾರಕಿ, ಆರಾಧನೆಯ ಪ್ರಭುಭೋಜನ ಸಂಸ್ಕಾರಕ್ಕೆ ಬೇಕಾದ ರೊಟ್ಟಿ ಮತ್ತು ದ್ರಾಕ್ಷಾರಸ ತಯಾರಿಸುವವಳು. ಸಭಾಪಾಲಕರ ಪತಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಬರೆದವರಿಗೆ ಪಾಪ, ಅಂಥದೊಂದು ಪ್ರಾಣಿ ಮುಂದೆ ಹುಟ್ಟೀತೆಂಬ ಕಲ್ಪನೆಯೇ ಇದ್ದಿರಲಾರದು.

ಹುಬ್ಬಳ್ಳಿಯಲ್ಲಿ ಬಿಷಪ್ಪರು ಕೃಪಾವತಿಯ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟು ಎಂಟು ತಿಂಗಳಾಗಿತ್ತು. ಆಕೆಗೆ ಸಿಕ್ಕ ಮೊದಲ ಸಭೆ ಇಳಕಲ್ಲು. ಮೂವತ್ತೆಂಟು ಮನೆಗಳ ಸಿ.ಎಸ್.ಐ. ಸಭೆ, ಹಂಚು ಹೊದಿಸಿದ ಹಳೆಯ ಚರ್ಚು, ಅದರ ಪಕ್ಕಕ್ಕೆ ಸಭಾಪಾಲಕರ ಮನೆ, ಹಿತ್ತಲಿನಾಚೆ ಹಗಲೆಲ್ಲ ಮಗ್ಗದ ಸದ್ದು. ಹುನಗುಂದದಲ್ಲಿ ಇನ್ನೂ ಹನ್ನೊಂದು ಮನೆಗಳಿದ್ದವು. ಅವರಿಗೆ ರವಿವಾರ ಮಧ್ಯಾಹ್ನ ಮೂರಕ್ಕೆ ಆರಾಧನೆ. ಪ್ರಭುದಾಸ ಮರೋಳದ ಏತ ನೀರಾವರಿಯ ಪಂಪ್‌ಹೌಸಿನಲ್ಲಿ ಆಪರೇಟರ್. ಬೈಕಿನ ಮೇಲೆ ಹೋಗಿ ಮೋಟಾರು ಚಾಲೂ ಮಾಡಿ, ಗೇಜು ನೋಡಿ, ರಿಜಿಸ್ಟರಿನಲ್ಲಿ ಬರೆದು, ಪಾಳಿ ಮುಗಿಸಿ ಬರುವ ಕೆಲಸ. ಮಕ್ಕಳಿರಲಿಲ್ಲ. ಆ ವಿಷಯ ಊರವರು ಬೇಕಾದಷ್ಟು ಮಾತಾಡಿದ್ದಾರೆ, ಇಲ್ಲಿ ಬೇಡ.

ಇಳಕಲ್ಲಿನ ಹೆಣ್ಣುಮಕ್ಕಳು ನಿಯಮಕ್ಕೆ ನಿಷ್ಠರು. ಸಭಾಪಾಲಕರ ಬಾಳಸಂಗಾತಿಯೇ ಅಧ್ಯಕ್ಷತೆ ವಹಿಸಬೇಕೆಂದ ಮೇಲೆ ಮುಗಿಯಿತು. ಮೊದಲ ತಿಂಗಳೇ ಪ್ರಭುದಾಸನನ್ನು ಸ್ತ್ರೀ ಸಂಘದ ಸಭೆಗೆ ಕರೆದು, ಶಾಲು ಹೊದಿಸಿ, ನಡುವಿನ ಕುರ್ಚಿಯಲ್ಲಿ ಕೂಡಿಸಿದರು. ಆತ ಒಂದು ತಾಸು ಅಲುಗಾಡದೆ ಕುಳಿತು, ಪರದೆಯ ಬಟ್ಟೆಯ ಬಣ್ಣ ಕೇಳಿದಾಗ "ಆಗಲಿ" ಎಂದು, ಚಹಾ ಕುಡಿದು ಬಂದ. ಸಭಾಪಾಲಕರನ್ನು ಅಯ್ಯನವರು, ಅವರ ಹೆಂಡತಿಯನ್ನು ಅಮ್ಮನವರು ಎನ್ನುವುದು ಅಲ್ಲಿಯ ರೂಢಿ. ಕೃಪಾವತಿಗೆ ಬಂದ ದಿನವೇ ಅಮ್ಮನವರು ಎಂದು ಹೆಸರು ಬಿತ್ತು. ಹಾಗಾಗಿ ಉಳಿದುಹೋದ ಅಯ್ಯನವರು ಎಂಬ ಪದವಿ ಪಂಪು ನಡೆಸುವ ಪ್ರಭುದಾಸನಿಗೆ ಸಂದಿತು. ಪ್ರಭುಭೋಜನಕ್ಕೆ ಒಣದ್ರಾಕ್ಷಿ ಕುದಿಸಿ ರಸ ತೆಗೆಯುವುದನ್ನೂ ಆತನೇ ಕಲಿತ. ಅದರಲ್ಲಿ ಹೆಂಡತಿಗಿಂತ ಅವನ ಕೈಯೇ ವಾಸಿ ಎಂದು ಹಿರಿಯರು ಒಪ್ಪಿಕೊಂಡರು.

ಇದೆಲ್ಲ ನುಂಗಿಕೊಳ್ಳಬಹುದಾದದ್ದು. ಅವನಿಗೆ ನುಂಗಲಾಗದೆ ಉಳಿದದ್ದು ಒಂದೇ, ವೆಸ್ಟ್ರಿಯ ಬಾಗಿಲು. ವೆಸ್ಟ್ರಿ ಎಂದರೆ ಚರ್ಚಿನ ಬದಿಗೆ ಸಭಾಪಾಲಕರು ನಿಲುವಂಗಿ ತೊಡುವ ಸಣ್ಣ ಕೋಣೆ. ಪ್ರತಿ ಶನಿವಾರ ಸಂಜೆ ನಾಲ್ಕರಿಂದ ಆರರವರೆಗೆ ಕೃಪಾವತಿ ಅಲ್ಲಿ ಕೂಡುತ್ತಿದ್ದಳು. ಕಷ್ಟವಿದ್ದವರು ಬಂದು ಹೇಳಿಕೊಳ್ಳುತ್ತಿದ್ದರು. ಅಲ್ಲಿ ಕೇಳಿದ್ದು ಅಲ್ಲೇ. ಗಂಡಹೆಂಡಿರಿಬ್ಬರೂ ಗುಳೇದಗುಡ್ಡದ ಒಂದೇ ಸಾಲಿಯಲ್ಲಿ ಓದಿದವರು. ಆಗಿನಿಂದಲೂ ಒಬ್ಬರಿಗೊಬ್ಬರು ನೀ ನಾ ಎಂದೇ ಮಾತು, ಹೇಳದ ಸಂಗತಿ ಇಲ್ಲ. ಈಗ ಆಕೆ ಶನಿವಾರ ಆರಕ್ಕೆ ಮನೆಗೆ ಬಂದು, ಕೈಕಾಲು ತೊಳೆದು, ಒಲೆಯ ಮುಂದೆ ನಿಂತು, ಹಾಲು ಒಡೆದ ಸುದ್ದಿ ಹೇಳುತ್ತಿದ್ದಳು. ಪರರ ವಿಷಯ ತಾನೇ ಎಂದು ಪ್ರಭುದಾಸ ಸುಮ್ಮನಿದ್ದ.

ಅವನ ಅಪ್ಪ ಯೋನಪ್ಪ ಮಾಸ್ತರರೂ ಅದೇ ಮನೆಯಲ್ಲಿದ್ದರು. ಬದಾಮಿಯ ಸಾಲಿಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ವಯಸ್ಸು ಅರವತ್ತಾರು. ಹೆಂಡತಿ ರಾಹೇಲವ್ವ ಸತ್ತು ಎರಡು ವರ್ಷವಾಗಿತ್ತು. ಮಗ ಸೊಸೆ ಇಳಕಲ್ಲಿಗೆ ಬಂದಾಗ ಇವರೂ ಒಂದು ಟ್ರಂಕಿನೊಡನೆ ಬಂದು, ಸಭೆಯಲ್ಲಿ ಹೆಸರು ಹಚ್ಚಿಸಿದ್ದರು. ಶಾಂತ ಮನುಷ್ಯ. ಅಂಜುಬುರುಕ ಎಂದರೂ ತಪ್ಪಾಗದು.

ಫೆಬ್ರುವರಿಯ ಎರಡನೆಯ ರವಿವಾರ ಈ ಕತೆಗೆ ಕಾರಣವಾದದ್ದು ನಡೆಯಿತು.

ಚರ್ಚಿನಲ್ಲಿ ಮದುವೆಯಾಗುವವರ ಹೆಸರನ್ನು ಮೂರು ರವಿವಾರ ಎಲ್ಲರೆದುರು ಓದಬೇಕು. ಅಡ್ಡಿ ಗೊತ್ತಿದ್ದವರು ಆಗಲೇ ಹೇಳಬೇಕು. ಇದು ಎಲ್ಲ ಕಡೆಗೂ ಇದೆ. ಇಳಕಲ್ಲಿನಲ್ಲಿ ಇದರ ಮೇಲೊಂದು ಪದ್ಧತಿ ಉಂಟು: ಹೆಸರು ಓದಿದ ಕೂಡಲೇ ಆ ಮನೆಯವರೊಬ್ಬರು ಎದ್ದು ನಿಂತು, ತಲೆಬಾಗಿ, ಕೂಡಬೇಕು. ನಮ್ಮ ಒಪ್ಪಿಗೆಯಿದೆ ಎಂದು ಅದರ ಅರ್ಥ. ಮೂರರಲ್ಲಿ ಒಮ್ಮೆಯಾದರೂ ಎದ್ದರೆ ಸಾಕು. ಮೂರು ಸಲವೂ ಯಾರೂ ಏಳದ ಮದುವೆ ಊರವರ ನೆನಪಿನಲ್ಲಿ ಒಂದೂ ಇರಲಿಲ್ಲ.

ಆ ದಿನ ಪ್ರಭುದಾಸ ನಾಲ್ಕನೆಯ ಬೆಂಚಿನಲ್ಲಿದ್ದ. ಅಪ್ಪ ಹಿಂದಿನ ಮಧ್ಯಾಹ್ನವೇ ಗೆಳೆಯನಿಗೆ ಮೈಗೆ ಚೆನ್ನಾಗಿಲ್ಲವೆಂದು ಹೇಳಿ ಬದಾಮಿ ಬಸ್ಸು ಹತ್ತಿದ್ದರು. ಕೃಪಾವತಿ ಬಿಳಿ ನಿಲುವಂಗಿಯಲ್ಲಿ ನಿಂತು, ಕಾಗದ ತೆಗೆದು, ದಿನಸಿ ಚೀಟಿ ಓದುವಷ್ಟೇ ಸಮಾಧಾನದಿಂದ ಓದಿದಳು.

"ಈ ಸಭೆಗೆ ಸೇರಿದ ವಿಧುರರಾದ ಶ್ರೀ ಯೋನಪ್ಪ ಕಟಗೇರಿ ಇವರಿಗೂ, ಬದಾಮಿ ಸಭೆಗೆ ಸೇರಿದ ವಿಧವೆಯಾದ ಶ್ರೀಮತಿ ಎಸ್ತೇರವ್ವ ನೀಲಗುಂದ ಇವರಿಗೂ ವಿವಾಹ ನಿಶ್ಚಯವಾಗಿದೆ. ಯಾರಿಗಾದರೂ ನ್ಯಾಯವಾದ ಅಡ್ಡಿ ತಿಳಿದಿದ್ದರೆ ಹೇಳತಕ್ಕದ್ದು. ಇದು ಮೊದಲನೆಯ ಪ್ರಕಟಣೆ."

ಎಲ್ಲರ ಕುತ್ತಿಗೆಗಳೂ ನಾಲ್ಕನೆಯ ಬೆಂಚಿನ ಕಡೆ ಹೊರಳಿದವು. ಪ್ರಭುದಾಸ ಏಳಲಿಲ್ಲ. ಈ ಊರಲ್ಲಿ ಯೋನಪ್ಪ ಕಟಗೇರಿ ಎಂಬ ಇನ್ನೊಬ್ಬ ಮನುಷ್ಯ ಇದ್ದಾನೆಯೇ ಎಂದು ಆತ ನಿಜವಾಗಿಯೂ ಒಂದು ಕ್ಷಣ ಯೋಚಿಸಿದ. ಕೃಪಾವತಿ ಸ್ವಲ್ಪ ಹೊತ್ತು ಕಾದು, ಕಾಗದ ಮಡಚಿ, ಮುಂದೆ ಹಾಡಬೇಕಾದ ಸಂಗೀತದ ನಂಬರು ಹೇಳಿದಳು.

ಆತ ಮನೆಗೆ ಹೋಗಲಿಲ್ಲ. ರಜೆಯಿದ್ದರೂ ಬೈಕು ಹತ್ತಿ ಮರೋಳಕ್ಕೆ ಹೋದ. ಪಾಳಿಯಲ್ಲಿ ಅಶ್ಫಾಕನಿದ್ದ, ಹತ್ತು ವರ್ಷದಿಂದ ಜೊತೆ ಕೆಲಸ ಮಾಡುವವನು, ತಲೆಗೆ ಬಂದದ್ದನ್ನು ನಾಲಿಗೆಯಲ್ಲಿ ತಡೆಯುವವನಲ್ಲ. ಎಲ್ಲ ಕೇಳಿದ ಮೇಲೆ ಅಶ್ಫಾಕ ಗೇಜಿನ ಗಾಜು ಒರೆಸುತ್ತಲೇ ಅಂದ:

"ಅಪ್ಪ ಲಗ್ನ ಆಗಾಕತ್ತಾನ, ಹೆಂಡ್ತಿ ಲಗ್ನ ಮಾಡ್ಸಾಕತ್ತಾಳ. ನೀ ಹೋಗಿ ಊಟ ಮಾಡಿ ಬಾರಲೇ, ನಿನ್ನ ಪಾಲಿಗೆ ಬಂದಿದ್ದು ಅಷ್ಟ."

"ಚ್ಯಾಷ್ಟಿ ಮಾಡಬ್ಯಾಡ. ಆಕಿಗೆ ಗೊತ್ತಿತ್ತು. ಎಷ್ಟ ದಿನದಿಂದ ಗೊತ್ತಿತ್ತೋ ಏನೋ. ನನಗ ಒಂದ ಮಾತ ಹೇಳಲಿಲ್ಲ."

"ನಮ್ಮ ಖಾಜಿ ಸಾಹೇಬ್ರು ಕೇಳಿದ್ದನ್ನೆಲ್ಲ ಮನ್ಯಾಗ ಹೇಳ್ಕೋತ ಕುಂತ್ರ ನಾಳೆ ಅವರ ಹಂತೇಕ ಯಾರು ಹೋಗ್ತಾರ? ನಾನಂತೂ ಹೋಗೂದಿಲ್ಲ."

ಪ್ರಭುದಾಸನಿಗೆ ಈ ಮಾತು ಸರಿಯೆನಿಸಿತು. ಸರಿಯೆನಿಸಿದ್ದರಿಂದ ಸಿಟ್ಟು ಇನ್ನಷ್ಟು ಏರಿತು.

ಸಂಜೆ ಮನೆಗೆ ಬಂದಾಗ ಕೃಪಾವತಿ ಹುನಗುಂದದಿಂದ ಬಂದು ಬಾಗಿಲಲ್ಲೇ ಕುಳಿತಿದ್ದಳು. ಆತ ಚಪ್ಪಲಿಯನ್ನೂ ಬಿಡದೆ ಕೇಳಿದ.

"ಯಾವಾಗಿಂದ ಗೊತ್ತು?"

"ಐದು ವಾರ ಆತು."

"ಐದು ವಾರ! ದಿನಾ ನನ್ನ ಬಾಜೂಕ ಕುಂತು ಊಟಾ ಮಾಡಿದಿ."

"ಮಾಡೇನಿ."

"ಹೇಳಬೇಕ ಅನಸಲಿಲ್ಲ?"

"ದಿನಾ ಅನಸ್ತಿತ್ತು. ನಾನs ಹೇಳ್ತೇನಿ, ಸ್ವಲ್ಪ ತಡಿ ಅಂದ್ರು ಮಾವ. ನಿನ್ನಿ ಶನಿವಾರ ಖಂಡಿತ ಹೇಳ್ತೇನಿ ಅಂದಿದ್ರು. ಬಸ್ ಹತ್ತಿ ಹ್ವಾದ್ರು. ಮುಂದಿನ ತಿಂಗಳು ಲೆಂಟ್ ಉಪವಾಸ ಸುರು ಆದ್ರ ಈಸ್ಟರ್ ತನಕಾ ಮದುವಿ ಮಾಡಂಗಿಲ್ಲ. ಎಸ್ತೇರವ್ವಗ ಈ ತಿಂಗಳ ಹಾಸ್ಟೆಲ್ಲಿನ ಕ್ವಾರ್ಟರ್ಸ್ ಬಿಡಬೇಕು. ಅರ್ಜಿ ಕೊಟ್ಟ ಮ್ಯಾಲ ಓದೂದು ನನ್ನ ಕೆಲಸ."

"ಪಾಸ್ಟರ್ ಕೆಲಸ ಬ್ಯಾರೆ. ಹೆಂಡ್ತಿಯಾಗಿ ಹೇಳಬೇಕಿತ್ತು ನೀ."

"ಅವರು ನಿನ್ನ ಹೆಂಡ್ತಿಗೆ ಹೇಳಿರಲಿಲ್ಲ. ವೆಸ್ಟ್ರ್ಯಾಗ ಬಂದು ಹೇಳಿದ್ರು."

ಹನ್ನೊಂದು ವರ್ಷ ಸಂಸಾರ ಮಾಡಿದವಳು ಪ್ರಭುದಾಸನ ಕಣ್ಣೆದುರಿಗೇ ಒಂದು ಬಾಗಿಲು ಹಾಕಿಕೊಂಡು, ಅದರಾಚೆ ಅವನ ಅಪ್ಪನನ್ನು ಕೂಡಿಸಿಕೊಂಡಿದ್ದಳು. ಇನ್ನು ಇವಳ ಜೊತೆ ಹೇಗೆ ಬದುಕುವುದು ಎಂಬುದು ಅವನ ಪ್ರಶ್ನೆ. ಅಪ್ಪನ ಮದುವೆ ಅದರ ಮುಂದೆ ಸಣ್ಣದಾಗಿ ಕಂಡಿತು. ಅಥವಾ ಸಣ್ಣದೆಂದು ತನಗೆ ತಾನೇ ಹೇಳಿಕೊಂಡ.

ಎಸ್ತೇರವ್ವ ಅವನಿಗೆ ಅಪರಿಚಿತಳೇನಲ್ಲ. ಬದಾಮಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದ ಹೆಂಗಸು. ದಪ್ಪ ದನಿ, ದಪ್ಪ ಕೈ, ಚಲೋ ಮನಸ್ಸು. ಕ್ರಿಸ್‌ಮಸ್ಸಿಗೆ ಅವ್ವನಿಗೆ ಶೇಂಗಾ ಹೋಳಿಗೆ ಕಳಿಸುತ್ತಿದ್ದಳು. ತನ್ನ ಮೇಲೆ ಸಿಟ್ಟು ಮಾಡಲು ಒಂದು ಕಾರಣವನ್ನೂ ಕೊಡದವಳು, ಅದೂ ಒಂದು ತೊಂದರೆಯೇ.

ಯೋನಪ್ಪ ಮಾಸ್ತರರು ಸೋಮವಾರ ಸಂಜೆ ಬಂದು, ಮಗನ ಮುಖ ನೋಡಿ, ಟ್ರಂಕಿನ ಮೇಲೆ ಕುಳಿತರು. "ಹೇಳಬೇಕಂತನ ಇದ್ದೆಪಾ" ಎಂದರು. ಮಗ "ಹೂಂ" ಎಂದ. ಆ ವಾರವೆಲ್ಲ ಅವರು ಮಗ ಪಾಳಿಗೆ ಹೋದ ಮೇಲೆ ಊಟ ಮಾಡಿದರು.

ಎರಡನೆಯ ರವಿವಾರ ಪ್ರಭುದಾಸ ಅಶ್ಫಾಕನ ಪಾಳಿ ಕೇಳಿ ಪಡೆದು ಮರೋಳಕ್ಕೆ ಹೋದ. ಚರ್ಚಿನಲ್ಲಿ ಎರಡನೆಯ ಪ್ರಕಟಣೆಯಾಯಿತು. ಮದುಮಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಮದುಮಗ ತಾನೇ ಏಳುವಂತಿಲ್ಲ. ಓದುವವಳು ಸೊಸೆಯಾದರೂ ಆ ಜಾಗದಲ್ಲಿ ನಿಂತಾಗ ಯಾರ ಮನೆಯವಳೂ ಅಲ್ಲ. ಹಾಗಾಗಿ ಯಾರೂ ಏಳಲಿಲ್ಲ.

ಇದನ್ನು ನೋಡಿಕೊಂಡು ಕುಳಿತವರಲ್ಲಿ ಸತ್ಯವಂತಪ್ಪ ಒಬ್ಬರು. ಸಭೆಯ ಹಿರಿಯರು, ಸೀರೆ ಅಂಗಡಿ ಇಟ್ಟವರು. ಹೆಣ್ಣು ಸಭಾಪಾಲಕಿ ಬಂದದ್ದು ಅವರಿಗೆ ಮೊದಲ ದಿನದಿಂದಲೂ ಸೇರಿರಲಿಲ್ಲ. ಆದರೆ ಹೇಳಲು ಒಂದು ತಪ್ಪೂ ಸಿಕ್ಕಿರಲಿಲ್ಲ. ಮಂಗಳವಾರ ಪ್ರಭುದಾಸನನ್ನು ಅಂಗಡಿಗೆ ಕರೆದು, ಚಹಾ ತರಿಸಿದರು.

"ಅಯ್ಯನವರ, ನಿಮಗ ಮನಸಿಲ್ಲ ಅನ್ನೂದು ಎಲ್ಲಾರಿಗೂ ಕಾಣಸ್ತೈತಿ. ತಪ್ಪೇನಿಲ್ಲ. ತಾಯಿ ಮ್ಯಾಲಿನ ಪ್ರೀತಿ."

ಪ್ರಭುದಾಸ ಚಹಾ ಆರಿಸುತ್ತ ಕುಳಿತ.

"ಬರೂ ರವಿವಾರನೂ ನೀವು ಏಳಲಿಲ್ಲಂದ್ರ, ನಾವು ನಾಕು ಮಂದಿ ಬಿಷಪ್ಪರಿಗೆ ಒಂದು ಕಾಗದ ಬರೀತೇವಿ. ಪಾಸ್ಟರಮ್ಮಾರು ತಮ್ಮ ಮನೀ ಮದುವೀನ ಗಂಡನ ಒಪ್ಪಿಗಿಲ್ಲದ ನಡಸಾಕತ್ತಾರ ಅಂತ. ಬ್ಯಾರೆ ಏನೂ ಬರಿಯಂಗಿಲ್ಲ. ಇದ್ದದ್ದs ಬರೀತೇವಿ. ನೀವೇನೂ ಮಾಡೂದು ಬ್ಯಾಡ. ಸುಮ್ನ ಕುಂದರ್ರಿ ಸಾಕು."

ಸುಮ್ಮನೆ ಕುಳಿತರೆ ಸಾಕು. ಅಷ್ಟು ಸುಲಭದ ಕೆಲಸವನ್ನು ಪ್ರಭುದಾಸನಿಗೆ ಯಾರೂ ಕೊಟ್ಟಿರಲಿಲ್ಲ. ಕಾಗದ ಹೋದರೆ ಕೃಪಾವತಿಯ ಮೊದಲ ಸಭೆ ಒಂದು ವರ್ಷ ತುಂಬುವ ಮೊದಲೇ ಕೈ ತಪ್ಪಬಹುದು. ಹೆಣ್ಣುಮಕ್ಕಳಿಗೆ ಸಭೆ ಕೊಟ್ಟರೆ ಹೀಗೇ ಆಗುವುದು ಎಂದು ಹೇಳಲು ಕಾದವರು ಇಳಕಲ್ಲಿನಲ್ಲಷ್ಟೇ ಇರಲಿಲ್ಲ. ಆತ ಚಹಾ ಕುಡಿದು, "ನೋಡೂಣ್ರಿ" ಎಂದು ಎದ್ದ. ಸತ್ಯವಂತಪ್ಪನವರು ಅದನ್ನು ಒಪ್ಪಿಗೆ ಎಂದೇ ತಿಳಿದರು. ಪ್ರಭುದಾಸನಿಗೂ ಅದು ಏನೆಂದು ಗೊತ್ತಿರಲಿಲ್ಲ.

ಈಗ ಪ್ರಭುದಾಸನ ಒಂದು ಗುಟ್ಟನ್ನು ಹೇಳಬೇಕು. ಹೆಂಡತಿ ಗುಟ್ಟು ಮಾಡಿದಳೆಂದು ಕುದಿಯುತ್ತಿದ್ದ ಈ ಮನುಷ್ಯ ತಾನೇ ಎರಡು ವರ್ಷದಿಂದ ಒಂದನ್ನು ಎದೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ.

ರಾಹೇಲವ್ವನನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿದ್ದಾಗ ಆತ ವಿದ್ಯಾಗಿರಿಯಲ್ಲಿ ಒಂದು ರೂಮು ಹಿಡಿದು, ರಜೆ ಹಾಕಿ, ಇಪ್ಪತ್ತು ದಿನ ಒಬ್ಬನೇ ನೋಡಿಕೊಂಡ. ಕೃಪಾವತಿ ಆಗ ದೂರದ ಊರಿನಲ್ಲಿ ದೇವಶಾಸ್ತ್ರದ ಕೊನೆಯ ಪರೀಕ್ಷೆ ಬರೆಯುತ್ತಿದ್ದಳು. ಬಾ ಎಂದು ಕರೆಯಬೇಡ ಎಂದು ಅವ್ವನೇ ಆಣೆ ಹಾಕಿಸಿದ್ದಳು. ಅಪ್ಪ ಬಂದದ್ದು ಎರಡು ಸಲ. ಎರಡು ಸಲವೂ ವರಾಂಡದ ಬೆಂಚಿನ ಮೇಲೆ ಕುಳಿತು, ಒಳಗೆ ಕಾಲಿಡಲಾಗದೆ, ಬಾಳೆಹಣ್ಣು ಕೊಟ್ಟು ಹೋದರು. ಸಾಯುವ ಮೂರು ದಿನ ಮೊದಲು ಒಂದು ಮಧ್ಯಾಹ್ನ ಅವ್ವ ಮಗನನ್ನು ಹತ್ತಿರ ಕರೆದಳು.

"ನಿಮ್ಮಪ್ಪ ಒಬ್ಬಾಂವ ಇರಾಂವಲ್ಲ. ನಾ ಹ್ವಾದ ಮ್ಯಾಲ ಯಾರನ್ನರ ಮಾಡಿಕೊಳ್ಳಲಿ. ನಾನs ಹೇಳೇನಂತ ಹೇಳು. ಇಲ್ಲಂದ್ರ ಅಂಜತಾನ."

"ಸುಮ್ಮನಿರs ಅವ್ವಾ."

"ಹೇಳು ಅಂದೆ. ಆದ್ರ ನನಗಿಂತ ಚಲೋ ರೊಟ್ಟಿ ಬಡಿಯಾಕಿ ಬ್ಯಾಡಂತ ಹೇಳು." ಹೇಳಿ ನಕ್ಕಳು. ನಕ್ಕರೆ ಕೆಮ್ಮು ಬರುತ್ತಿತ್ತು, ಬಂತು.

ಆತ ಹೇಳಲಿಲ್ಲ. ಮರೆತಿರಲಿಲ್ಲ. ಮಣ್ಣು ಕೊಟ್ಟ ದಿನ ಹೇಳಬೇಕೆಂದುಕೊಂಡ; ವರಾಂಡದ ಬೆಂಚು ನೆನಪಾಯಿತು. ಒಳಗೆ ಬಂದು ಕೈ ಹಿಡಿಯಲಾರದವನಿಗೆ ಈ ಬಿಡುಗಡೆ ಯಾಕೆ ಕೊಡಬೇಕು, ಒಂಟಿಯಾಗಿರಲಿ ಎಂದು ಬಿಟ್ಟ. ಅದು ಶಿಕ್ಷೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೃಪಾವತಿ ಅತ್ತೆಯ ಕೊನೆಯ ದಿನಗಳ ಬಗ್ಗೆ ಎಷ್ಟೋ ಸಲ ಕೇಳಿದ್ದಳು. "ಏನಿಲ್ಲ, ಮಲಗಿದಲ್ಲೇ ಹ್ವಾದಳು" ಎಂಬ ಒಂದೇ ವಾಕ್ಯ ಹೇಳಿ ಆತ ಎದ್ದುಬಿಡುತ್ತಿದ್ದ. ಆಕೆ ಕೇಳುವುದನ್ನು ಬಿಟ್ಟಿದ್ದಳು.

ಸತ್ಯವಂತಪ್ಪನವರ ಚಹಾ ಕುಡಿದು ಬಂದ ಮೇಲೆ ನಾಲ್ಕು ದಿನ ಪ್ರಭುದಾಸ ಪಂಪಿನ ಮುಂದೆ ಕುಳಿತು ಇದನ್ನೇ ತಿರುವಿಹಾಕಿದ. ಅಪ್ಪನಿಗೆ ಹೇಳಬೇಕೆಂದರೆ ಎರಡು ವರ್ಷ ಯಾಕೆ ಮುಚ್ಚಿಟ್ಟೆ ಎಂದೂ ಹೇಳಬೇಕು. ಹೆಂಡತಿಗೆ ಹೇಳೋಣವೆಂದರೆ ಐದು ವಾರಕ್ಕೆ ಅಷ್ಟು ಕೂಗಾಡಿದ ಬಾಯಿ ಯಾವ ಮುಖದಿಂದ ತೆರೆಯಬೇಕು. ಅಶ್ಫಾಕನಿಗೆ ಹೇಳಿದರೆ ಹುನಗುಂದ ಸಂತೆಗೆ ಹೇಳಿದ ಹಾಗೆ. ಈ ಊರಲ್ಲಿ ಒಂದು ಮಾತನ್ನು ಕೇಳಿ ತನ್ನಲ್ಲೇ ಇಟ್ಟುಕೊಳ್ಳುವ ಮನುಷ್ಯರು ಯಾರಿದ್ದಾರೆ ಎಂದು ಎಣಿಸುತ್ತ ಹೋದ. ಒಬ್ಬರೇ ಸಿಕ್ಕರು.

ಶನಿವಾರ ಐದು ಗಂಟೆಗೆ ಆತ ವೆಸ್ಟ್ರಿಯ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತ. ಅವನಿಗಿಂತ ಮೊದಲು ಒಬ್ಬ ಮುದುಕಿ ಒಳಗಿದ್ದಳು. ಆಕೆ ಕಣ್ಣೊರೆಸಿಕೊಳ್ಳುತ್ತ ಬಂದು, ಇವನನ್ನು ನೋಡಿ, "ಅಯ್ಯನವರ, ಕೀಲಿ ಕೊಡಾಕ ಬಂದೀರೇನು?" ಎಂದು ಕೇಳಿ ಹೋದಳು.

"ಬರ್ರಿ, ಕುಂದರ್ರಿ" ಎಂದು ಕೃಪಾವತಿ ಬರೆಯುತ್ತಲೇ ಅಂದಳು. ತಲೆ ಎತ್ತಿದಳು. ಪೆನ್ನು ನಿಂತಿತು. ಮನೆಯಲ್ಲಿ ಏನಾದರೂ ಆಗಿದೆಯೇ ಎಂದು ಮುಖದಲ್ಲಿ ಒಮ್ಮೆ ಕಾಣಿಸಿತು. ಆತ ಚಪ್ಪಲಿ ಹೊರಗೆ ಬಿಟ್ಟು, ಬಾಗಿಲು ಮುಂದೆ ಮಾಡಿ, ಎದುರಿನ ಕುರ್ಚಿಯ ತುದಿಗೆ ಕುಳಿತ. ಆಕೆಗೆ ತಿಳಿಯಿತು. ಪೆನ್ನಿಗೆ ಟೊಪ್ಪಿಗೆ ಹಾಕಿದಳು.

"ಹೇಳ್ರಿ" ಎಂದಳು.

ಹುಟ್ಟಿದ ಮೇಲೆ ಮೊದಲ ಸಲ ಆಕೆ ಅವನಿಗೆ ರೀ ಹಚ್ಚಿದ್ದಳು. ಆತನೂ ಹಾಗೇ ಮಾತಾಡಿದ. ಬಾಗಲಕೋಟೆಯ ಮಧ್ಯಾಹ್ನ, ಅವ್ವನ ಮಾತು, ರೊಟ್ಟಿಯ ಮಾತು, ವರಾಂಡದ ಬೆಂಚು, ತನ್ನ ಹಟ, ಸತ್ಯವಂತಪ್ಪನವರ ಅಂಗಡಿ, ಎಲ್ಲವನ್ನೂ ನೆಲ ನೋಡುತ್ತ ಹೇಳಿ ಮುಗಿಸಿದ. ತಲೆ ಎತ್ತಿದಾಗ ಆಕೆಯ ಮುಖ ಮೊದಲಿದ್ದ ಹಾಗೇ ಇತ್ತು. ಕಣ್ಣಲ್ಲಿ ನೀರಿರಲಿಲ್ಲ. ಕೈಗಳೆರಡೂ ಮೇಜಿನ ಮೇಲಿದ್ದವು.

"ನಿಮ್ಮ ತಂದೀಗೆ ಯಾವಾಗ ಹೇಳ್ತೀರಿ?" ಎಂದಷ್ಟೇ ಕೇಳಿದಳು.

"ನಾಳೆ ಮುಂಜಾನೆ."

"ಚಲೋ ಆತು."

ಚಿಕ್ಕದೊಂದು ಪ್ರಾರ್ಥನೆ ಮಾಡಿದಳು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಆತ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ಇದು ನನ್ನ ಹೆಂಡ್ತಿಗೆ ತಿಳೀಬಾರದ್ರಿ."

"ತಿಳಿಯೂದಿಲ್ಲ."

ಆರೂಕಾಲಿಗೆ ಕೃಪಾವತಿ ಮನೆಗೆ ಬಂದಳು. ಕೈಕಾಲು ತೊಳೆದಳು. "ಹಾಲು ತಂದಿ? ಹಿಟ್ಟಿನ ಗಿರಣಿ ಬಂದ್ ಆಗೇತಂತ ಕೇಳಿದೆ, ಖರೆ ಏನು?" ಎಂದಳು. ಪ್ರಭುದಾಸ ಆಕೆಯ ಮುಖವನ್ನು ಕಳ್ಳನ ಹಾಗೆ ನೋಡಿದ. ಅಲ್ಲಿ ಏನೂ ಇರಲಿಲ್ಲ. ಎಂಟು ತಿಂಗಳಿಂದ ಅವನನ್ನು ಸುಡುತ್ತಿದ್ದ ಆ ಏನೂ ಇಲ್ಲದ ಮುಖ ಈ ಸಂಜೆ ದೊಡ್ಡ ಉಪಕಾರವಾಗಿ ಕಂಡಿತು. ಗಿರಣಿಯ ಬೆಲ್ಟು ಹರಿದ ಕತೆಯನ್ನು ಆತ ಸಾವಕಾಶವಾಗಿ ಹೇಳಿದ.

ಮೂರನೆಯ ರವಿವಾರ ಮುಂಜಾನೆ ಯೋನಪ್ಪ ಮಾಸ್ತರರು ಹಿತ್ತಲಲ್ಲಿ ಗೋಡೆಗೆ ಕನ್ನಡಿ ತೂಗುಹಾಕಿ ಗಡ್ಡ ಹೆರೆಯುತ್ತಿದ್ದರು. ಅರ್ಧ ಮುಖ ನೊರೆ, ಅರ್ಧ ಸ್ವಚ್ಛ. ಪ್ರಭುದಾಸ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು, ಪೀಠಿಕೆಯಿಲ್ಲದೆ ಅವ್ವ ಹೇಳಿದ್ದನ್ನು ಹೇಳಿದ. ಅವರು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ರೊಟ್ಟೀ ಮಾತು ಖರೇನs ಅಂದಳೇನು?"

"ಅಂದಳು. ಅಂದು ನಕ್ಕಳು."

ಮಾಸ್ತರರು ನಕ್ಕರು. ನಗುತ್ತ ನಗುತ್ತ ಕಲ್ಲಿನ ಮೇಲೆ ಕುಸಿದರು. ಅಳುವಾಗ ನೊರೆ ಅಂಗಿಯ ಮೇಲೆ ಬಿತ್ತು.

"ಎರಡು ವರ್ಷ ಆಕಿ ಫೋಟೋದ ಮುಂದ ಹಾಯಾಕ ನನಗ ಮಾರೀ ಇರಲಿಲ್ಲಲೇ. ಎಸ್ತೇರಿ ಮಾತಾಡಿಸಿದ್ರ ಕಳವು ಮಾಡಿದಂಗ ಆಗ್ತಿತ್ತು. ಯಾಕ ಹೇಳಲಿಲ್ಲ?"

"ಸಿಟ್ಟಿತ್ತು. ನೀ ದವಾಖಾನಿ ಒಳಗ ಬರಲಿಲ್ಲ."

"ಬರಾಕ ಧೈರ್ಯ ಆಗ್ಲಿಲ್ಲಪಾ."

"ಗೊತ್ತೈತಿ."

ಪ್ರಭುದಾಸನಿಗೆ ಅಪ್ಪನ ಮೇಲೆ ಪ್ರೀತಿ ಉಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಸ್ವಲ್ಪ ಇಳಿದಿತ್ತು, ಅಷ್ಟೆ. ಆದರೆ ಅಪ್ಪ ರೇಜರು ಹಿಡಿದು ಕಲ್ಲಿನ ಮೇಲೆ ಕುಳಿತೇ ಇದ್ದರು, ಚರ್ಚಿನ ಮೊದಲ ಗಂಟೆಯಾಗಿತ್ತು. ಆತ ರೇಜರು ಇಸಿದುಕೊಂಡು, ಉಳಿದ ಅರ್ಧ ಗಡ್ಡವನ್ನು ತಾನೇ ಹೆರೆದು, ಟವಲು ಕೊಟ್ಟ.

ಆರಾಧನೆಯಲ್ಲಿ ಕೃಪಾವತಿ ಕಾಗದ ತೆಗೆದಳು. ಸತ್ಯವಂತಪ್ಪನವರು ಕನ್ನಡಕ ಹಾಕಿಕೊಂಡರು. ಆಕೆ ಅದೇ ದನಿಯಲ್ಲಿ ಅದೇ ಮಾತುಗಳನ್ನು ಓದಿ, "ಇದು ಮೂರನೆಯ ಮತ್ತು ಕೊನೆಯ ಪ್ರಕಟಣೆ" ಎಂದಳು. ನಾಲ್ಕನೆಯ ಬೆಂಚಿನಿಂದ ಪ್ರಭುದಾಸ ಎದ್ದು ನಿಂತ. ತಲೆಬಾಗಿದ. ಕೂಡುವುದನ್ನು ಮರೆತು ಹಾಗೇ ನಿಂತಿದ್ದ. ಹಿಂದಿನ ಬೆಂಚಿನವರು ಅಂಗಿ ಹಿಡಿದು ಜಗ್ಗಿ ಕೂಡಿಸಿದರು. ಕೃಪಾವತಿ ಅವನ ಕಡೆ ನೋಡದೆ ಸಂಗೀತದ ನಂಬರು ಹೇಳಿದಳು. ಸತ್ಯವಂತಪ್ಪನವರು ಕನ್ನಡಕ ತೆಗೆದು ಒರೆಸಿ ಜೇಬಿಗೆ ಹಾಕಿದರು. ಹಾಡುವಾಗ ಅವರ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

ಊಟವಾದ ಮೇಲೆ ಮಾಸ್ತರರು ಬದಾಮಿಗೆ ಸುದ್ದಿ ಮುಟ್ಟಿಸಲು ಫೋನು ಹಿಡಿದು ಅಂಗಳದಲ್ಲಿ ತಿರುಗತೊಡಗಿದರು. ಎರಡು ಗಂಟೆಯಾಗಿತ್ತು. ಕೃಪಾವತಿ ಹುನಗುಂದದ ಆರಾಧನೆಗೆ ಚೀಲ ತುಂಬುತ್ತಿದ್ದಳು: ಪ್ರಾರ್ಥನೆ ಪುಸ್ತಕ, ಮಡಚಿದ ನಿಲುವಂಗಿ, ನೀರಿನ ಬಾಟಲಿ. ಎಂಟು ತಿಂಗಳಲ್ಲಿ ಆಕೆ ಹುನಗುಂದಕ್ಕೆ ಒಂದು ನಿಮಿಷ ತಡ ಮಾಡಿದವಳಲ್ಲ. ಪ್ರಭುದಾಸ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ನಿನ್ನೆ ಇದನ್ನೆಲ್ಲ ಇವಳಿಗೇ ಹೇಳಿದ್ದೇನೆ ಎಂದು ಅವನ ಬುದ್ಧಿ ಹೇಳುತ್ತಿತ್ತು. ಆದರೂ ಹೆಂಡತಿಗೆ ಇನ್ನೂ ಹೇಳಿರಲಿಲ್ಲ.

"ಕೃಪಾ, ನಿನಗ ಒಂದು ಮಾತು ಹೇಳಬೇಕು."

"ಹೇಳು. ಸ್ವಲ್ಪ ಬಿರಿಬಿರಿ ಹೇಳು, ಹೊತ್ತಾತು."

"ಅವ್ವ ಸಾಯೂ ಮುಂದ ನನ್ನ ಕೂಡ ಮಾತಾಡಿದ್ದಳು. ಅಪ್ಪ ಇನ್ನೊಂದ ಲಗ್ನ ಆಗಲಿ ಅಂದಿದ್ದಳು. ನಾ ಯಾರಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ."

ಚೀಲದ ಜಿಪ್ಪು ಎಳೆಯುತ್ತಿದ್ದ ಆಕೆಯ ಕೈ ಅಲ್ಲೇ ನಿಂತಿತು. ಆಕೆ ಅವನ ಕಡೆ ತಿರುಗಿದಳು. ನಿನ್ನೆ ಮೇಜಿನಾಚೆ ಕಲ್ಲಿನಂತೆ ಕುಳಿತಿದ್ದವಳು ಈಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಒಲೆಯ ಪಕ್ಕ ನೆಲದ ಮೇಲೆ ಕುಳಿತು, ಬಿಕ್ಕಿ ಬಿಕ್ಕಿ ಅತ್ತಳು. ಸೊಸೆಯಾಗಿ ಬಂದವಳನ್ನು ಮಗಳೆಂದು ಕರೆದವಳು ರಾಹೇಲವ್ವ. ಆಕೆಯ ಕೊನೆಯ ಇಪ್ಪತ್ತು ದಿನಗಳಲ್ಲಿ ಕೃಪಾವತಿಯ ಪಾಲಿಗೆ ಒಂದೇ ವಾಕ್ಯ ಬಂದಿತ್ತು. ಎರಡು ವರ್ಷದ ಅಳು ಅದು. ಪ್ರಭುದಾಸ ಬಾಯಿ ತೆರೆಯದ್ದರಿಂದ ಅಳಲು ಜಾಗವೇ ಸಿಕ್ಕಿರಲಿಲ್ಲ. ಆತನಿಗೆ ಅದು ಈಗ ತಿಳಿಯಿತು, ತಿಳಿದು ನಾಚಿಕೆಯಾಯಿತು.

ಆತ ಎದುರಿಗೆ ಕುಳಿತ. ಕೃಪಾವತಿ ಮೂಗು ಒರೆಸಿಕೊಂಡು, ಫೋನು ತೆಗೆದು, ಹುನಗುಂದದ ಹಿರಿಯರಿಗೆ ಹಚ್ಚಿದಳು.

"ನಾನ್ರಿ. ಇವತ್ತ ಒಂದು ತಾಸು ತಡ ಆಗ್ತೈತ್ರಿ. ಇಲ್ರಿ, ಆರಾಮ ಅದೇವಿ. ನಮ್ಮ ಅತ್ತೀ ಸುದ್ದಿ ಬಂದೈತಿ."

ಫೋನನ್ನು ನೆಲದ ಮೇಲೆ ಮಗುಚಿ ಇಟ್ಟಳು.

"ಅವತ್ತ ಅತ್ತಿ ಯಾವ ಸೀರಿ ಉಟ್ಟಿದ್ರು?" ಎಂದಳು. "ಮೊದಲಿಂದ ಹೇಳು."